ನೀರಾನೆಯೋ, ಹಾರುವ ಓತಿಯೋ?

ಕೋಲಾರದಲ್ಲಿ ಪಿಯುಸಿ ಓದುವ ಅಕ್ಕನ ಮಗಳಿಗೆ ರಜೆಗೆ ಒಂದು ಪುಸ್ತಕ ಬೇಕಂತೆ. ವಿಚಿತ್ರ ಪ್ರಾಣಿ ಇರಬೇಕು, ಸಾಹಸವೂ ಇರಬೇಕು.

ಸಾರಾ ಗೇಲಿಯವರ ‘ರಿವರ್ ಆಫ್ ಟೀತ್’ (2017) ಇಂಗ್ಲಿಷಿನ ಕಿರುಕಾದಂಬರಿ. ಇಲ್ಲಿ ಜನ ಕುದುರೆ ಬದಲು ನೀರಾನೆ ಹತ್ತಿ ಓಡಾಡುತ್ತಾರೆ. ಮಿಸಿಸಿಪ್ಪಿ ನದಿಯಲ್ಲಿ ಮನುಷ್ಯರನ್ನೇ ತಿನ್ನುವ ಕಾಡು ನೀರಾನೆಗಳಿವೆ. ಸುಮ್ನೆ ಕಟ್ಟಿದ್ದು ಅನ್ನಿಸುತ್ತೆ, ಅಲ್ವಾ? 1910ರಲ್ಲಿ ಲೂಸಿಯಾನಾದ ರಾಬರ್ಟ್ ಬ್ರೂಸಾರ್ಡ್ ಅಮೆರಿಕದ ಸಂಸತ್ತಿನಲ್ಲಿ ನೀರಾನೆ ತರಿಸುವ ಮಸೂದೆಯನ್ನೇ ಮಂಡಿಸಿದ್ದರು. ಮಾಂಸದ ಕೊರತೆ ನೀಗಬೇಕು, ನೀರು ಮುಚ್ಚಿದ ಅಂತರಗಂಗೆ ಕಳೆಯನ್ನೂ ಅವು ಮೇಯಬೇಕು ಅಂತ. ನಮ್ಮ ಕೆರೆಗಳನ್ನು ಹಸಿರು ಚಾಪೆಯ ಹಾಗೆ ಮುಚ್ಚುತ್ತದಲ್ಲ, ಅದೇ ಕಳೆ. ಮಸೂದೆ ಪಾಸಾಗಲಿಲ್ಲ. ನೀರಾನೆ ನಿಜಕ್ಕೂ ಬಂದಿದ್ದರೆ? ಕತೆ ಹುಟ್ಟಿದ್ದು ಅಲ್ಲೇ.

ತೇಜಸ್ವಿಯವರ ‘ಕರ್ವಾಲೊ’ದಲ್ಲಿ ಚರಿತ್ರೆ ಬದಲಾಗುವುದಿಲ್ಲ. ಹಳ್ಳಿಯ ಮಂದಣ್ಣ, ವಿಜ್ಞಾನಿ ಕರ್ವಾಲೊ ಎಲ್ಲ ಸೇರಿ ಹಾರುವ ಓತಿಯ ಬೆನ್ನು ಹತ್ತಿ ಮಲೆನಾಡಿನ ಕಾಡು ಹೊಗುತ್ತಾರೆ. ನಗು, ಬೆರಗು ಎರಡೂ ಜಾಸ್ತಿ.

ವೇಗ ಬೇಕಿದ್ದರೆ ನೀರಾನೆ. ಆದರೆ ಅದರಲ್ಲಿ ಕೊಲೆ, ರಕ್ತ ಇವೆ. ಚಿಕ್ಕ ಮಕ್ಕಳಿಗೆ ಬೇಡ. ನಾನು ಅವಳ ಕೈಗೆ ಮೊದಲು ‘ಕರ್ವಾಲೊ’ ಇಟ್ಟೆ. ನೀರಾನೆ ದಸರಾ ರಜೆಗೆ.