ಓಪನ್‌ಅಲೆಕ್ಸ್: ಎಣಿಕೆಗೆ ಸೈ, ಊರಿನ ಲೆಕ್ಕಕ್ಕೆ ಹುಷಾರು

ಸಂಶೋಧನಾ ಪ್ರಬಂಧಗಳನ್ನು ಹುಡುಕಿಕೊಡುತ್ತಿದ್ದ ಮೈಕ್ರೋಸಾಫ್ಟ್ ಅಕಾಡೆಮಿಕ್ 2021ರ ಕೊನೆಗೆ ನಿಂತಿತು. 2022ರ ಜನವರಿಯಲ್ಲಿ ಬಂದ ಓಪನ್‌ಅಲೆಕ್ಸ್ ಎಂಬ ಮುಕ್ತ ಪ್ರಬಂಧ ಸೂಚಿ ಆ ಜಾಗ ತುಂಬಿದೆ. ದತ್ತಾಂಶದ ಮರುಬಳಕೆಗೆ ಪರವಾನಗಿಯ ತಕರಾರಿಲ್ಲ. ಒಂದು ಪ್ರದೇಶದ ಪ್ರಬಂಧಗಳನ್ನು ಎಣಿಸಲು ಸಂಸ್ಥೆಯ ಹೆಸರು ಟೈಪಿಸಬೇಡಿ, ಅದರ ರೋರ್ ಗುರುತಿನಿಂದ (ಪ್ರತಿ ಸಂಶೋಧನಾ ಸಂಸ್ಥೆಗೂ ಇರುವ ವಿಶಿಷ್ಟ ಸಂಕೇತ) ಸೋಸಿ. ಎಪಿಐನಲ್ಲಿ, ಅಂದರೆ ಪ್ರೋಗ್ರಾಂ ಮೂಲಕ ದತ್ತಾಂಶ ಪಡೆಯುವಾಗ, ಫಲಿತಾಂಶ 10,000 ದಾಟಿದರೆ ಕರ್ಸರ್ (ಮುಂದಿನ ಕಂತು ಎಲ್ಲಿಂದ ಎಂದು ಹೇಳುವ ಗುರುತು) ಬಳಸಲೇಬೇಕು.

ಎಡವುವುದು ಊರಿನ ವಿಷಯದಲ್ಲಿ. ಸಂಸ್ಥೆಯೊಂದಕ್ಕೆ ಒಂದೇ ಊರು ನಮೂದಾಗಿರುವುದರಿಂದ ದೂರದ ಕ್ಯಾಂಪಸ್ಸಿನ ಕೆಲಸವೂ ಮುಖ್ಯ ಕಚೇರಿಯ ಖಾತೆಗೇ ಜಮೆಯಾಗಬಹುದು. ಲೇಖಕರು ಬರೆದ ಮೂಲ ವಿಳಾಸದ ಸಾಲನ್ನು ಇಳಿಸಿಕೊಂಡು ಊರಿನ ಹೆಸರು ಹುಡುಕುವುದೇ ದಾರಿ. ಬೇಸರದ ಕೆಲಸ, ಆದರೆ ತಪ್ಪಿಸಿಕೊಳ್ಳುವಂತಿಲ್ಲ. ವಿಳಾಸವೇ ಇಲ್ಲದ ದಾಖಲೆಗಳೂ ಇವೆ, ಅವುಗಳ ಪಾಲನ್ನು ವರದಿಯಲ್ಲಿ ಹೇಳಿಬಿಡಿ.

ಪರದೆಯಲ್ಲಿ ಕಾಣುವುದು ಪೂರ್ಣ ಎಣಿಕೆ: ನಾಲ್ವರು ಲೇಖಕರಲ್ಲಿ ಒಬ್ಬರು ನಿಮ್ಮ ಪ್ರದೇಶದವರಾದರೂ 1. ಭಾಗಶಃ ಎಣಿಕೆಯ 0.25 ಬೇಕಿದ್ದರೆ ನೀವೇ ಭಾಗಿಸಿಕೊಳ್ಳಬೇಕು.