ಕಪ್ಪು ಕಾರಿಗೆ ಕೋಟಿಂಗ್ ಮಾಡಿಸೋ ಮುಂಚೆ ಇದನ್ನ ಓದಿ, ಬಳ್ಳಾರಿಯವರಂತೂ ತಪ್ಪದೆ ಓದಿ

ಸೆರಾಮಿಕ್ ಕೋಟಿಂಗಿಗೆ, ಅಂದ್ರೆ ಪೇಂಟ್ ಕಾಪಾಡೋಕೆ ಮೇಲೆ ಬಳಿಯೋ ಗಟ್ಟಿ ಪದರಕ್ಕೆ, 16,500 ರೂಪಾಯಿ ಕೊಟ್ಟಿದೀನಿ. ಗಾಡಿ ಮೊದಲಿಗಿಂತ ಕೆಟ್ಟಿದೆ. ನಾಚಿಕೆಯಾಗಿ ಮೂರು ವಾರ ಯಾರಿಗೂ ಹೇಳದೆ ಸುಮ್ಮನಿದ್ದೆ. ಮೊನ್ನೆ ನಮ್ಮ ಓಣಿಯವರೇ ಒಬ್ಬರು ಅದೇ ಅಂಗಡಿಗೆ ಅಡ್ವಾನ್ಸ್ ಕೊಟ್ಟು ಬಂದಿದೀನಿ ಅಂದ್ರು. ಇನ್ನು ಸುಮ್ಮನಿರೋಕೆ ಆಗಲ್ಲ. ದೂರು ಕೊಡ್ತಿರೋದ್ರಿಂದ ಅಂಗಡಿ ಹೆಸರು ಇಲ್ಲಿ ಹಾಕಲ್ಲ.

ನನ್ನದು ಮೆಟಾಲಿಕ್ ಕಪ್ಪು ಸೆಡಾನ್, ಏಳು ವರ್ಷದ್ದು. ಕೆಲಸಕ್ಕೆ ದಿನಾ ತೋರಣಗಲ್ಲಿಗೆ ಹೋಗಿ ಬರ್ತೀನಿ. ಆ ರಸ್ತೆಯ ಕಬ್ಬಿಣದ ಅದಿರಿನ ಧೂಳು ನಿಮಗೆ ಗೊತ್ತೇ ಇದೆ. ಸಾಯಂಕಾಲ ಮನೆಗೆ ಬರೋ ಹೊತ್ತಿಗೆ ಕಪ್ಪು ಗಾಡಿ ಕೆಂಪಾಗಿರುತ್ತೆ. ಬೆಳಿಗ್ಗೆ ಎದ್ದು ಒಣ ಬಟ್ಟೆಯಲ್ಲಿ ಒರೆಸೋದು ಅಪ್ಪನ ಕಾಲದಿಂದ ಬಂದ ರೂಢಿ. ಅದಿರಿನ ಧೂಳನ್ನ ಒಣದಾಗಿ ಒರೆಸೋದು ಅಂದ್ರೆ ಎಮರಿ ಪೇಪರ್ ತಿಕ್ಕಿದ ಹಾಗೆ ಅಂತ ಈಗ ತಿಳೀತು. ಬಿಸಿಲಲ್ಲಿ ಬಾನೆಟ್ ನೋಡಿದ್ರೆ ಸೂರ್ಯನ ಸುತ್ತ ಜೇಡರ ಬಲೆ ಕಟ್ಟಿದಂಗೆ ಗೆರೆ. ಬೋರ್ ನೀರಿನ ಬಿಳಿ ಕಲೆ ಬೇರೆ.

ಅಂಗಡಿಯವನು ಗಾಡಿ ಸುತ್ತ ಒಂದು ಸುತ್ತು ಹಾಕಿದ. "ಅಣ್ಣಾ, ಇದೆಲ್ಲಾ ಹೋಗ್ತೈತೆ. ಮೂರು ಸ್ಟೆಪ್ ಕರೆಕ್ಷನ್ ಮಾಡಿ, ಮ್ಯಾಲೆ 9ಎಚ್ ಸೆರಾಮಿಕ್ ಹಾಕ್ತೀವಿ. ಮೂರು ವರ್ಷ ವಾರಂಟಿ. ಗೆರೆ ಬಂದ್ರೆ ನನ್ನ ಕೇಳು." ಕರೆಕ್ಷನ್ ಅಂದ್ರೆ ಮಷೀನಲ್ಲಿ ಪೇಂಟ್ ಮೇಲ್ಪದರ ತಿಕ್ಕಿ ಗೆರೆ ತೆಗೆಯೋದು. ಬಿಲ್ ಕೇಳಿದೆ. "ಜಿಎಸ್‌ಟಿ ಬಿಲ್ ಬೇಕಂದ್ರೆ 18 ಪರ್ಸೆಂಟ್ ಮ್ಯಾಲೆ ಆಗ್ತೈತೆ ಅಣ್ಣಾ, ಕಾರ್ಡ್ ಕೊಡ್ತೀನಲ್ಲ." ಕಾರ್ಡ್ ಕೊಟ್ಟ. ಗೋಲ್ಡನ್ ಅಕ್ಷರದ ಕಾರ್ಡ್. ಅದರಲ್ಲಿ ನನ್ನ ಗಾಡಿ ನಂಬರ್ ಕೂಡ ಬರೆದಿಲ್ಲ. ಅದನ್ನೂ ನಾನು ಆಮೇಲೆ ನೋಡಿದ್ದು.

ಮಧ್ಯಾಹ್ನ ಎರಡು ಗಂಟೆಗೆ ಗಾಡಿ ಬಿಟ್ಟೆ, ಸಂಜೆ ಏಳಕ್ಕೆ ಫೋನ್ ಬಂತು, "ರೆಡಿ ಅಣ್ಣಾ." ಐದು ಗಂಟೆಯಲ್ಲಿ! ಆಗಲೇ ನನಗೆ ಅನುಮಾನ ಬರಬೇಕಿತ್ತು. ಸರಿಯಾಗಿ ಗೆರೆ ತೆಗೆದು ಪಾಲಿಶ್ ಮಾಡೋಕೇ ಒಂದು ದಿನಕ್ಕೆ ಮೇಲೆ ಬೇಕು. ಕೋಟಿಂಗ್ ಹಾಕಿದ್ರೆ ಅದು ಒಣಗಿ ಗಟ್ಟಿಯಾಗೋ ತನಕ ಕೆಲವು ದಿನ ತೊಳೀಬೇಡಿ ಅಂತಲೂ ಹೇಳಬೇಕು. ಇವನು "ನಾಳೆನೇ ತೊಳೀಬಹುದು" ಅಂದ.

ಆದರೆ ಟ್ಯೂಬ್‌ಲೈಟ್ ಕೆಳಗೆ ಗಾಡಿ ಕನ್ನಡಿ ಥರ ಇತ್ತು. ನಿಜವಾಗ್ಲೂ ಕನ್ನಡಿ. ಒಂದು ಗೆರೆ ಇಲ್ಲ. "ಮುಖ ನೋಡ್ಕೊ ಅಣ್ಣಾ" ಅಂದ, ನೋಡ್ಕೊಂಡೆ. ಯುಪಿಐಲಿ ದುಡ್ಡು ಹಾಕಿದೆ. ಫೋಟೋ ತೆಗೆದು ಸ್ಟೇಟಸ್ ಹಾಕಿದೆ. ಎಲ್ಲಿ ಮಾಡ್ಸಿದ್ರಿ ಅಂತ ಕೇಳಿದವರಿಗೆಲ್ಲ ವಿಳಾಸ ಕಳಿಸಿದೆ. ನನ್ನ ಮಾತು ನಂಬಿ ಒಬ್ಬ ಗೆಳೆಯ ಹೋಗಿ 14,000 ಕೊಟ್ಟು ಬಂದ. ನನ್ನ ದುಡ್ಡು ಹೋಗಿದ್ದಕ್ಕಿಂತ ಇದು ಹೆಚ್ಚು ಸುಡ್ತಿದೆ.

ಇಪ್ಪತ್ತೈದು ದಿನ ಆಗಿತ್ತು. ಮನೇಲಿ ಶಾಂಪೂ ಹಾಕಿ ನಾಲ್ಕನೇ ಸಲ ತೊಳೆದು ಅಂಗಳದಲ್ಲಿ ನಿಲ್ಲಿಸಿದ್ದೆ. ಬೆಳಿಗ್ಗೆ ಹನ್ನೊಂದರ ಬಿಸಿಲು. ಸಿರುಗುಪ್ಪದಿಂದ ತಂಗಿ, ಅವಳ ಗಂಡ ಬಂದಿದ್ರು. ಅವರು ಬಾನೆಟ್ ಹತ್ತಿರ ನಿಂತು ಸ್ವಲ್ಪ ಹೊತ್ತು ನೋಡಿ ಮೆಲ್ಲಗೆ ಕೇಳಿದ್ರು, "ಭಾವ, ಕೋಟಿಂಗ್ ಮಾಡ್ಸಿದೀನಿ ಅಂದ್ರಲ್ಲ, ಅದು ಈ ಗಾಡಿಗೇನಾ?"

ಹೋಗಿ ನೋಡಿದೆ. ಎಲ್ಲಾ ಗೆರೆ ಅಲ್ಲೇ ಇವೆ. ಎಲ್ಲಾ. ಡ್ರೈವರ್ ಬಾಗಿಲಿನ ಮೇಲಿದ್ದ ಅರ್ಧಚಂದ್ರದ ಗೆರೆ ನನಗೆ ಚೆನ್ನಾಗಿ ಗುರುತು, ಅದೂ ಅಲ್ಲೇ ಇದೆ. ತಂಗಿ ಗಂಡನ ಮುಂದೆ ಏನು ಹೇಳಬೇಕು ಅಂತ ತಿಳೀಲಿಲ್ಲ.

ಏನು ಮಾಡಿದ್ದಾನೆ ಅಂತ ಆಮೇಲೆ ಗೊತ್ತಾಯ್ತು. ಗ್ಲೇಜ್ ಅಂತ ಬರುತ್ತೆ, ಎಣ್ಣೆ ಜಿಡ್ಡಿನ ಪಾಲಿಶ್. ಅದು ಗೆರೆಗಳ ಒಳಗೆ ತುಂಬಿಕೊಳ್ಳುತ್ತೆ. ಗೆರೆಯ ಅಂಚಿನಲ್ಲಿ ಬೆಳಕು ಚದುರಲ್ಲ, ಹಾಗಾಗಿ ಕಣ್ಣಿಗೆ ಕಾಣಲ್ಲ. ನಾಲ್ಕು ಸಲ ಶಾಂಪೂ ಬಿದ್ರೆ ಜಿಡ್ಡು ಹೋಗುತ್ತೆ, ಗೆರೆ ಹೊರಗೆ ಬರುತ್ತೆ. ಗ್ಲೇಜ್ ಹಾಕೋದೇ ತಪ್ಪು ಅಂತಲ್ಲ. ಮದುವೆಗೆ, ಗಾಡಿ ಮಾರೋಕೆ ಎಷ್ಟೋ ಜನ ಹಾಕಿಸ್ತಾರೆ. ಸ್ವಲ್ಪ ದುಡ್ಡಿನ ಕೆಲಸ ಅದು. ಕರೆಕ್ಷನ್ ಅಂತ ಹೇಳಿ ಗ್ಲೇಜ್ ಬಳಿದು 16,500 ತಗೊಂಡಿದ್ದು ಮೋಸ.

ಫೋನ್ ಮಾಡಿದೆ. ಅವನ ಉತ್ತರ ಕೇಳಿ. ಮೊದಲು, "ನಿಮ್ಮ ನೀರು ಸರಿ ಇಲ್ಲ ಅಣ್ಣಾ." ಆಮೇಲೆ, "ಬಟ್ಟೆ ಯಾವುದು ಹಾಕಿದ್ರಿ?" ಆಮೇಲೆ, "ಮೈನಿಂಗ್ ಧೂಳಿಗೆ ಯಾವ ಕೋಟಿಂಗೂ ತಡೆಯಲ್ಲ." ಹಾಗಾದ್ರೆ ಮೂರು ವರ್ಷ ವಾರಂಟಿ ಯಾತಕ್ಕೆ ಕೊಟ್ಟೆ ಅಂದೆ. "ತಿಂಗಳಿಗೊಂದು ಸಲ ನಮ್ಮಲ್ಲೇ 600 ಕೊಟ್ಟು ತೊಳಿಸಿದ್ರೆ ಮಾತ್ರ ವಾರಂಟಿ, ಕಾರ್ಡ್ ಹಿಂದೆ ಬರದೈತೆ ನೋಡ್ರಿ." ಕೊನೆಗೆ, "ಕಪ್ಪು ಗಾಡಿ ತಗೊಂಡ್ರೆ ಹಿಂಗೇ ಸಾರ್." ಅಣ್ಣ ಹೋಗಿ ಸಾರ್ ಆಗಿಬಿಟ್ಟೆ.

ನಾನು ಬಿಡಲಿಲ್ಲ. ಅಂಗಡಿ ಮುಂದೆ ಹೋಗಿ ನಿಂತೆ. ಬೇರೆ ಗಿರಾಕಿಗಳಿದ್ರು, ಅದಕ್ಕೆ "ಫ್ರೀಯಾಗಿ ಇನ್ನೊಂದು ಸಲ ಮಾಡ್ಕೊಡ್ತೀನಿ" ಅಂದ. ಇಲ್ಲೇ ನಾನು ಎರಡನೇ ಸಲ ಮೋಸ ಹೋಗಿದ್ದು. ಒಬ್ಬ ಚಿಕ್ಕ ಹುಡುಗ ರೋಟರಿ ಮಷೀನಿಗೆ ಉಣ್ಣೆ ಪ್ಯಾಡ್ ಹಾಕಿ, ರಬ್ಬಿಂಗ್ ಕಾಂಪೌಂಡ್ ಸುರಿದು, ಒಂದೇ ಜಾಗದಲ್ಲಿ ಒತ್ತಿ ಹಿಡಿದ. ಬಾನೆಟ್ ಕೈ ಇಡೋಕೆ ಆಗದಷ್ಟು ಬಿಸಿಯಾಗಿತ್ತು. ಈಗ ಬಿಸಿಲಲ್ಲಿ ಬಾನೆಟ್ ಮೇಲೆ ಮಷೀನ್ ಹೋದ ದಾರಿ ಪೂರ್ತಿ ಹೊಗೆ ಎಳೆದಂಗೆ ಕಾಣ್ಸುತ್ತೆ. ಎಡಗಡೆ ಅಂಚಿನಲ್ಲಿ ಎರಡು ಬೆರಳಗಲ ಮಂಕಾಗಿದೆ.

ಬೇರೆ ಕಡೆ ಒಬ್ಬ ಹಳೇ ಪೇಂಟರ್ ಹತ್ತಿರ ತೋರಿಸಿದೆ. ಅವರು ಪೇಂಟ್ ದಪ್ಪ ಅಳೆಯೋ ಮೀಟರ್ ಇಟ್ಟು ನೋಡಿದ್ರು. ರೂಫ್ ಮೇಲೆ 112 ಮೈಕ್ರಾನ್, ಬಾನೆಟ್ ಅಂಚಲ್ಲಿ 71. ಕಂಪನಿ ಪೇಂಟಲ್ಲಿ ಬಣ್ಣದ ಮೇಲಿರೋ ಪಾರದರ್ಶಕ ಪದರ, ಕ್ಲಿಯರ್ ಕೋಟೇ ಸುಮಾರು 40 ಮೈಕ್ರಾನ್ ಇರೋದು. ನಮ್ಮ ತಲೆಕೂದಲಿಗಿಂತ ತೆಳ್ಳಗೆ. "ಅಂಚಿನಲ್ಲಿ ಕ್ಲಿಯರ್ ಹೋಗೈತ್ರಿ, ಇದಕ್ಕೆ ಪಾಲಿಶ್ ಇಲ್ಲ, ಬಾನೆಟ್ ಪೂರಾ ಪೇಂಟೇ ಹೊಡಿಬೇಕು" ಅಂದ್ರು. ಗೆರೆ ಇದ್ದಿದ್ರೂ ಪರವಾಗಿರಲಿಲ್ಲ, ಕಂಪನಿ ಪೇಂಟ್ ಇತ್ತು. ಈಗ ಅದೂ ಇಲ್ಲ.

ನೀವು ಮಾಡಿಸೋದಾದ್ರೆ ಇಷ್ಟು ಮಾಡಿ. ಬೆಳಿಗ್ಗೆ ಡೆಲಿವರಿ ತಗೊಳ್ಳಿ, ಬಿಸಿಲಿಗೆ ತಂದು ನೋಡಿ, ಟ್ಯೂಬ್‌ಲೈಟ್ ನಂಬಬೇಡಿ. ಪಾಲಿಶ್ ಮುಗಿದ ಮೇಲೆ, ಕೋಟಿಂಗ್ ಹಾಕೋ ಮುಂಚೆ, ನಿಮ್ಮ ಕಣ್ಣೆದುರು ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಒರೆಸಿಸಿ. ಮೊಬೈಲ್ ರಿಪೇರಿಯವರು ಬಳಸ್ತಾರಲ್ಲ, ಅದೇ, ನೀರು ಬೆರೆಸಿ. ಜಿಡ್ಡು ತುಂಬಿದ್ರೆ ಗೆರೆ ಅಲ್ಲೇ ಎದ್ದು ಕಾಣುತ್ತೆ. ಒರೆಸಲ್ಲ ಅಂದ್ರೆ ಗಾಡಿ ತಗೊಂಡು ಬನ್ನಿ. ನೀರು ಮುತ್ತಿನಂಗೆ ನಿಲ್ಲುತ್ತೆ ಅಂತ ತೋರಿಸ್ತಾರೆ, ಸಾದಾ ವ್ಯಾಕ್ಸ್ ಹಾಕಿದ್ರೂ ಹಾಗೇ ನಿಲ್ಲುತ್ತೆ. 9ಎಚ್ ಅನ್ನೋದು ಪೆನ್ಸಿಲ್ ಗೀಚಿ ನೋಡೋ ಗಟ್ಟಿತನದ ಅಳತೆ, ಧೂಳಿನ ಗೆರೆ ತಡೆಯೋ ಭರವಸೆ ಅಲ್ಲ. ಮೀಟರ್ ಇಲ್ಲದವನ ಕೈಗೆ ಗಾಡಿ ಕೊಡಬೇಡಿ. 18 ಪರ್ಸೆಂಟ್ ಹೋದ್ರೆ ಹೋಗಲಿ, ಬಿಲ್ ಬಿಡಬೇಡಿ.

ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೀನಿ. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಅರ್ಜಿ ಬರೀತಿದೀನಿ, ಕೊಟ್ಟ ದುಡ್ಡು 5 ಲಕ್ಷದವರೆಗೆ ಇದ್ರೆ ಶುಲ್ಕ ಇಲ್ಲ. ಬಿಲ್ ಇಲ್ಲ, ಯುಪಿಐ ರಸೀದಿ, ವಾಟ್ಸಾಪ್ ಮಾತುಗಳೇ ಸಾಕ್ಷಿ. ಅವನಿಗೆ ಕಳಿಸಿದ ಬಾನೆಟ್ ಫೋಟೋಗೆ ನೀಲಿ ಟಿಕ್ ಬಿದ್ದು ಹನ್ನೊಂದು ದಿನ ಆಯ್ತು. ಉತ್ತರ ಇಲ್ಲ.

ಈ ಭಾನುವಾರ ಗೆಳೆಯನ ಮನೆಗೆ ಐಪಿಎ ಬಾಟಲಿ ತಗೊಂಡು ಹೋಗ್ತಿದೀನಿ. ಅವನ ಗಾಡಿ ಇನ್ನೂ ಹೊಳೀತಿದೆ. ಒರೆಸಿದ ಮೇಲೆ ಏನು ಕಾಣುತ್ತೆ ಅಂತ ನನಗೆ ಗೊತ್ತು, ಅವನಿಗೆ ಇನ್ನೂ ಹೇಳಿಲ್ಲ.