ಮಳೆಗಾಲದಲ್ಲಿ ಕ್ರಾಲ್: ಕರೆಂಟ್ ಹೋಗಿ ಬಂದ ಮೇಲೆ ಎಲ್ಲಿಂದ ಶುರು?

ಕ್ರಾಲ್ ಎಂದರೆ ಕೊಂಡಿಯಿಂದ ಕೊಂಡಿಗೆ ಹೋಗುತ್ತ ಜಾಲತಾಣವೊಂದರ ಪುಟಗಳನ್ನೆಲ್ಲ ತಂತ್ರಾಂಶದಿಂದ ಇಳಿಸಿಕೊಳ್ಳುವುದು. ಅದು ನಡುವೆ ನಿಂತರೆ ಬಿಟ್ಟಲ್ಲಿಂದ ಮುಂದುವರಿಸಲು ಯಾವ ಸಲಕರಣೆ ಒಳ್ಳೆಯದು? ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್‌ಗೆ. ನಾನೇ ಬರೆದ ನೂರೈವತ್ತು ಸಾಲಿನ ಪೈಥಾನ್ ಪ್ರೋಗ್ರಾಮ್, ಪಕ್ಕದಲ್ಲಿ ಒಂದೇ ಒಂದು ಡೇಟಾಬೇಸ್ ಕಡತ. ಉಳಿದವುಗಳ ರುಚಿ ನೋಡಿ, ಒಂದರ ಕೈಯಲ್ಲಿ ಸರಿಯಾಗಿ ಏಟು ತಿಂದು ಇಲ್ಲಿಗೆ ಬಂದಿದ್ದೇನೆ.

ಕೆಲಸ ಇಷ್ಟು. ಕನ್ನಡದ ಕಾಗುಣಿತ ತಿದ್ದುವ ತಂತ್ರಾಂಶಕ್ಕೆ ಪದಗಳು ಬೇಕಿದ್ದವು. ಅದಕ್ಕಾಗಿ ಹಳೆಯ ಜಾಲತಾಣವೊಂದರ ಸುಮಾರು 1 ಲಕ್ಷ ಪುಟಗಳನ್ನು, ನಡೆಸುವವರ ಒಪ್ಪಿಗೆ ಪಡೆದು, ಇಳಿಸಿಕೊಳ್ಳಬೇಕಿತ್ತು. 5 ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಪುಟ ಕೇಳಬಾರದು ಎಂಬುದು ಅವರ ಷರತ್ತು. ಅಂದರೆ ದಿನಕ್ಕೆ 17,280 ಪುಟ. ಎಡೆಬಿಡದೆ ಓಡಿದರೂ ಆರು ದಿನ. ನಮ್ಮ ಮನೆ ಮಡಿಕೇರಿಯಿಂದ ಗಾಳಿಬೀಡಿಗೆ ಹೋಗುವ ಕಡೆ. ಜುಲೈಯಲ್ಲಿ ಇಲ್ಲಿ ಆರು ದಿನ ಎಡೆಬಿಡದೆ ಇರುವುದು ಮಳೆ ಮಾತ್ರ. ಸಿಲ್ವರ್ ಓಕ್‌ನ ಒಂದು ಕೊಂಬೆ ತಂತಿಯ ಮೇಲೆ ಬಿದ್ದರೆ ಊರಿಗೆ ಊರೇ ಕತ್ತಲು. ನನ್ನದೋ ಬ್ಯಾಟರಿಯ ಸುಳಿವಿಲ್ಲದ ಹಳೆಯ ಡೆಸ್ಕ್‌ಟಾಪ್.

ಶುರು ಮಾಡಿದ್ದು ಸ್ಕ್ರೇಪಿಯಿಂದ, ಕ್ರಾಲ್ ಮಾಡಲೆಂದೇ ಇರುವ ಸಿದ್ಧ ಪೈಥಾನ್ ಸಲಕರಣೆಯಿಂದ. ಅದರ ಜಾಬ್‌ಡಿರ್ ಸೆಟ್ಟಿಂಗ್‌ಗೆ ಒಂದು ಫೋಲ್ಡರ್ ಹೆಸರು ಕೊಟ್ಟರೆ, ಬಾಕಿ ಇರುವ ಕೊಂಡಿಗಳ ಸರದಿಯನ್ನೂ ಈಗಾಗಲೇ ಕಂಡ ಕೊಂಡಿಗಳ ಗುರುತನ್ನೂ ಅಲ್ಲಿಯೇ ಇಡುತ್ತದೆ. ನಿಲ್ಲು ಎಂದು ಹೇಳುವ ಕಂಟ್ರೋಲ್-ಸಿ ಕೀಲಿಗಳನ್ನು ಒಮ್ಮೆ ಒತ್ತಿ, ಕೈಯಲ್ಲಿರುವ ಪುಟಗಳು ಮುಗಿಯುವವರೆಗೆ ತಾಳ್ಮೆಯಿಂದ ಕಾದರೆ ಮುಂದಿನ ಸಲ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಅವಸರಪಟ್ಟು ಎರಡನೆಯ ಸಲ ಒತ್ತಬಾರದು, ಅಷ್ಟೇ. ಚಿಕ್ಕದೊಂದು ತಾಣದ ಮೇಲೆ ನಾಲ್ಕು ಸಲ ನಿಲ್ಲಿಸಿ ನಡೆಸಿ ನೋಡಿದೆ; ಗಡಿಯಾರದಂತೆ ನಡೆಯಿತು. ಹೊಸ ಫೋಲ್ಡರ್ ಕೊಟ್ಟು ನಿಜವಾದ ಕೆಲಸಕ್ಕೆ ಹಚ್ಚಿದೆ.

ಎರಡನೆಯ ರಾತ್ರಿ ಕರೆಂಟ್ ಹೋಯಿತು. ಹೋಗುವ ಮುನ್ನ ಅದು ಕಂಟ್ರೋಲ್-ಸಿ ಒತ್ತಲಿಲ್ಲ. ಆ ಹೊತ್ತಿಗೆ ಸುಮಾರು 23 ಸಾವಿರ ಪುಟ ಬಂದಿದ್ದವು. ಮರುದಿನ ಮಧ್ಯಾಹ್ನ ಮತ್ತೆ ಓಡಿಸಿದರೆ, ಮುಖಪುಟವನ್ನು ತಂದು, ಕೆಲಸ ಮುಗಿಯಿತು ಎಂದು ವರದಿ ಒಪ್ಪಿಸಿ ಸುಮ್ಮನಾಯಿತು. ತಪ್ಪಾಗಿದೆ ಎಂಬ ಸಂದೇಶ ಎಲ್ಲಿಯೂ ಇಲ್ಲ. ಪುಟಗಳು ನಾವು ಅಂದುಕೊಂಡಷ್ಟು ಇರಲಿಲ್ಲವೇನೋ ಎಂದು ನಾನೇ ಅರ್ಧ ದಿನ ನಂಬಿದ್ದೆ. ಕಾಫಿ ಕುಡಿಯುತ್ತ, ಓಟದ ದಾಖಲೆಯಾದ ಲಾಗ್ ಓದುವಾಗ, ನಕಲು ಎಂದು ತಳ್ಳಿಹಾಕಿದ ಕೊಂಡಿಗಳ ಸಂಖ್ಯೆ ಕಣ್ಣಿಗೆ ಬಿತ್ತು. ಮುಖಪುಟದ ಒಂದೊಂದು ಕೊಂಡಿಯೂ ಅದಕ್ಕೆ ನಕಲಾಗಿತ್ತು.

ಆದದ್ದು ಹೀಗೆ. ಸರದಿಯ ಕಡತಗಳು ಡಿಸ್ಕ್‌ನಲ್ಲಿಯೇ ಇದ್ದವು. ಆದರೆ ಯಾವ ಯಾವ ಸರದಿಯಲ್ಲಿ ಇನ್ನೂ ಕೆಲಸ ಬಾಕಿ ಇದೆ ಎಂದು ಹೇಳುವ ಪುಟ್ಟ ಚೀಟಿಯೊಂದಿದೆ, ಆಕ್ಟಿವ್ ಡಾಟ್ ಜೇಸನ್ ಎಂದು. ಅದನ್ನು ಸ್ಕ್ರೇಪಿ ಬರೆಯುವುದು ಸರಿಯಾಗಿ ಬಾಗಿಲು ಹಾಕುವ ಹೊತ್ತಿನಲ್ಲಿ. ನನ್ನಲ್ಲಿ ಬಾಗಿಲು ಹಾಕುವ ಹೊತ್ತೇ ಬರಲಿಲ್ಲ, ಚೀಟಿಯೂ ಇಲ್ಲ, ಆದ್ದರಿಂದ ಸರದಿಯೂ ಇಲ್ಲ. ಕಂಡ ಕೊಂಡಿಗಳ ಪಟ್ಟಿ ಮಾತ್ರ ಆಗಿಂದಾಗಲೇ ಬೆಳೆಯುತ್ತಿತ್ತು. ಅದರ ಲೆಕ್ಕದಲ್ಲಿ ಕೊಂಡಿಯನ್ನು ಸರದಿಗೆ ಸೇರಿಸಿದ ಗಳಿಗೆಗೇ ಅದು ಕಂಡದ್ದು. ಪುಟ ಇಳಿಯಿತೋ ಇಲ್ಲವೋ ಎಂಬ ವಿಚಾರಣೆ ಇಲ್ಲ. ಮದುವೆಮನೆಯಲ್ಲಿ ಬಂದವರೆಲ್ಲರನ್ನೂ ಉಂಡವರೆಂದು ಎಣಿಸಿ ಎಲೆ ಎತ್ತಿದ ಹಾಗೆ. ಮೆತ್ತಗೆ ನಿಲ್ಲಿಸಬೇಕು ಎಂದು ಅವರ ಕೈಪಿಡಿಯಲ್ಲಿಯೇ ಇದೆ, ಆದ್ದರಿಂದ ದೂರುವ ಹಕ್ಕು ನನಗಿಲ್ಲ. ಇಳಿದ ಪುಟಗಳ ಪ್ರತಿಯನ್ನು ಡಿಸ್ಕ್‌ನಲ್ಲಿ ಇಟ್ಟುಕೊಳ್ಳುವ ಅದರ ಎಚ್‌ಟಿಟಿಪಿ ಕ್ಯಾಶ್ ಅನ್ನು ಮೊದಲೇ ಚಾಲೂ ಮಾಡಿಟ್ಟಿದ್ದರೆ ಜಾಬ್‌ಡಿರ್‌ನ ಫೋಲ್ಡರ್ ಅಳಿಸಿ ಮೊದಲಿನಿಂದ ಓಡಿಸಬಹುದಿತ್ತು. ಇಳಿದ ಪುಟಗಳು ಡಿಸ್ಕ್‌ನಿಂದಲೇ, 5 ಸೆಕೆಂಡ್ ಕಾಯದೆ ಬರುತ್ತಿದ್ದವು. ಸ್ಕ್ರೇಪಿಯನ್ನು ಬಿಡಲು ಮನಸ್ಸಿಲ್ಲದವರು ಇಷ್ಟಾದರೂ ಮಾಡಿಕೊಳ್ಳಿ.

ಸಿಟ್ಟಿನಲ್ಲಿ ಪೇಟೆಗೆ ಹೋಗಿ 4,200 ರೂಪಾಯಿ ಕೊಟ್ಟು ಯುಪಿಎಸ್ ತಂದೆ. ಅದು ಇಪ್ಪತ್ತು ನಿಮಿಷ ಕೂಗಿ ಮಲಗುತ್ತದೆ. ರಾತ್ರಿ ಎರಡು ಗಂಟೆಗೆ ಅದು ಕೂಗಿದರೆ ಎದ್ದು ಹೋಗಿ ಕಂಟ್ರೋಲ್-ಸಿ ಒತ್ತುವವರು ಯಾರು? ಯಂತ್ರಕ್ಕೆ ತಾನೇ ಸುದ್ದಿ ಮುಟ್ಟಿಸುವ ಯುಎಸ್‌ಬಿ ತಂತಿ ಆ ಬೆಲೆಗೆ ಸಿಗಲಿಲ್ಲ.

ಹೆರಿಟ್ರಿಕ್ಸ್ ಎಂಬ ಇನ್ನೊಂದು ಕ್ರಾಲ್ ತಂತ್ರಾಂಶವನ್ನೂ ಹತ್ತಿಸಿ ನೋಡಿದೆ. ಜಾಲತಾಣಗಳ ಹಳೆಯ ಪ್ರತಿಗಳನ್ನು ಕಾಪಿಡುವ ಇಂಟರ್ನೆಟ್ ಆರ್ಕೈವ್‌ನವರು ಕಟ್ಟಿದ್ದು, ಇಂಥ ಉದ್ದದ ಓಟಕ್ಕೆಂದೇ ಹುಟ್ಟಿದ್ದು. ಇಷ್ಟಿಷ್ಟು ನಿಮಿಷಕ್ಕೊಮ್ಮೆ ಚೆಕ್‌ಪಾಯಿಂಟ್ (ಕೆಲಸ ಎಲ್ಲಿಗೆ ಬಂದಿದೆ ಎಂಬ ದಾಖಲೆ) ತೆಗೆದುಕೋ ಎಂದು ಹೇಳಿಟ್ಟರೆ ಕರೆಂಟ್ ಹೋದಾಗ ಕೊನೆಯ ಚೆಕ್‌ಪಾಯಿಂಟ್‌ನಿಂದ ಎದ್ದು ಬರುತ್ತದೆ. ನಡುವಿನದನ್ನು ಮತ್ತೆ ಇಳಿಸುತ್ತದೆ. ಒಂದು ಸಂಸ್ಥೆ ಹತ್ತಾರು ತಾಣಗಳನ್ನು ಕಾಪಿಡುವುದಾದರೆ ನಾನೂ ಅದನ್ನೇ ಹೇಳುತ್ತೇನೆ. ನನ್ನ 4 ಜಿಬಿ ಯಂತ್ರದಲ್ಲಿ ಜಾವಾ ಏದುಸಿರು ಬಿಟ್ಟಿತು, ಅದರ ಎಕ್ಸ್‌ಎಂಎಲ್ ಸೆಟ್ಟಿಂಗ್ ಓದುತ್ತ ನಾನೂ ಬಿಟ್ಟೆ.

ಪುಟ ಇಳಿಸುವ ಇನ್ನೊಂದು ಸಲಕರಣೆ ವಿಗೆಟ್. ಅದಕ್ಕೆ, ಈಗಾಗಲೇ ಇರುವ ಕಡತವನ್ನು ಮತ್ತೆ ಇಳಿಸಬೇಡ ಎಂದರೆ, ಕರೆಂಟ್ ಹೋದಾಗ ಅರ್ಧ ಇಳಿದಿದ್ದ ಪುಟವನ್ನೂ ಪೂರ್ತಿ ಎಂದು ನಂಬಿ ಮುಂದೆ ಹೋಗುತ್ತದೆ. ಬೇಡ.

ಇನ್ನು ಎಸ್‌ಕ್ಯೂಲೈಟ್. ಒಂದೇ ಕೋಷ್ಟಕ: ವಿಳಾಸ, ಸ್ಥಿತಿ, ಎಷ್ಟು ಸಲ ಪ್ರಯತ್ನಿಸಿದೆ, ಜಿಜಿಪ್ ಮಾಡಿ ಕುಗ್ಗಿಸಿದ ಪುಟ. ಸ್ಥಿತಿ ಮೂರು ಬಗೆ: ಕಾಯುತ್ತಿದೆ, ತರಲು ಹೋಗಿದೆ, ಬಂದಿದೆ. ಗುಟ್ಟೆಲ್ಲ ಇರುವುದು ಬರೆಯುವ ಕ್ರಮದಲ್ಲಿ. ಪುಟವನ್ನು ಉಳಿಸುವುದು, ಅದರಲ್ಲಿ ಸಿಕ್ಕ ಹೊಸ ಕೊಂಡಿಗಳನ್ನು ಸೇರಿಸುವುದು, ಬಂದಿದೆ ಎಂದು ಗುರುತು ಹಾಕುವುದು, ಈ ಮೂರೂ ಒಂದೇ ಟ್ರಾನ್ಸಾಕ್ಷನ್. ಆಗುವುದಾದರೆ ಮೂರೂ ಆಗುತ್ತವೆ, ಇಲ್ಲದಿದ್ದರೆ ಒಂದೂ ಇಲ್ಲ. ಮತ್ತೆ ಶುರುವಾದಾಗ ತರಲು ಹೋದವರನ್ನೆಲ್ಲ ಕಾಯುವವರ ಸಾಲಿಗೆ ಮರಳಿಸುವುದು ಒಂದು ಸಾಲಿನ ಕೆಲಸ. ಪುಟಕ್ಕೊಮ್ಮೆ ಡಿಸ್ಕ್‌ಗೆ ಬರೆದರೆ ನಿಧಾನವಾಗುತ್ತದೆ ಎಂದು ಬಲ್ಲವರು ಹೇಳುತ್ತಾರೆ. 5 ಸೆಕೆಂಡಿಗೊಂದು ಪುಟ ತರುವವನಿಗೆ ಅದರಿಂದ ಏನು ನಷ್ಟ? ವೇಗಕ್ಕಾಗಿ ವಾಲ್ (ಬದಲಾವಣೆಗಳನ್ನು ಮೊದಲು ಪಕ್ಕದ ಕಡತದಲ್ಲಿ ಬರೆಯುವ ವಿಧಾನ) ಜೊತೆ ನಾರ್ಮಲ್ ಎಂಬ ಸೆಟ್ಟಿಂಗ್ ಇಟ್ಟರೆ ಕಡತ ಕೆಡುವುದಿಲ್ಲ, ಆದರೆ ಕರೆಂಟ್ ಹೋದಾಗ ಕೊನೆಯ ಬರಹಗಳು ಹೋಗಬಹುದು. ನಾನು ಪ್ರತಿ ಬರಹವೂ ಡಿಸ್ಕ್ ಮುಟ್ಟುವವರೆಗೆ ಕಾಯುವ ಫುಲ್ ಅನ್ನೇ ಇಟ್ಟಿದ್ದೇನೆ. ಅಪ್ಪ ದಿನಾ ಬೆಳಿಗ್ಗೆ ಕೊಡೆ ಹಿಡಿದು ಅಂಗಳಕ್ಕಿಳಿದು, ಮಳೆಮಾಪಕ ನೋಡಿ, ಇಂಚು ಸೆಂಟುಗಳನ್ನು ಪುಸ್ತಕದಲ್ಲಿ ಬರೆದ ಮೇಲೆಯೇ ಕಾಫಿ ಕುಡಿಯುವುದು. ವಾರದ ಮಳೆಯನ್ನು ಭಾನುವಾರ ಒಟ್ಟಿಗೆ ಬರೆಯೋಣ ಎಂದರೆ ನನ್ನನ್ನು ಮನೆಯಿಂದ ಹೊರಗೆ ಹಾಕಿಯಾರು.

ಕೊರತೆ ಇಲ್ಲವೆಂದಲ್ಲ. ಯಾವ ಪುಟ ಮುಟ್ಟಬಾರದು ಎಂದು ತಾಣ ಹೇಳುವ ರೋಬಾಟ್ಸ್ ಕಡತ ಓದುವುದು, ಸೋತ ಪುಟವನ್ನು ಮತ್ತೆ ಕೇಳುವುದು, ಸ್ಕ್ರೇಪಿ ಪುಕ್ಕಟೆ ಕೊಡುತ್ತಿದ್ದ ಇವೆಲ್ಲವನ್ನೂ ನಾನೇ ಬರೆಯಬೇಕಾಯಿತು. ಎರಡು ಸಂಜೆ ಹಿಡಿಯಿತು.

ಓಡುತ್ತಿರುವಾಗಲೇ ಹನ್ನೊಂದು ಸಲ ಪ್ಲಗ್ ಕಿತ್ತು ನೋಡಿದೆ (ಡಿಸ್ಕ್‌ನ ಆಯುಸ್ಸಿನ ಚಿಂತೆ ಇರುವವರು ಅನುಕರಿಸಬೇಡಿ). ಪ್ರತಿ ಸಲವೂ ಹೆಚ್ಚೆಂದರೆ ಒಂದು ಪುಟವನ್ನು ಮತ್ತೆ ತರಬೇಕಾಯಿತು. ಆಮೇಲೆ ನಿಜವಾದ ಓಟದಲ್ಲಿ 31 ಗಂಟೆ ಕರೆಂಟ್ ಇರಲಿಲ್ಲ. ಬಂದಾಗ ನಾನು ತೋಟದಲ್ಲಿ ಚರಂಡಿ ಬಿಡಿಸುತ್ತಿದ್ದೆ. ಯಂತ್ರ ತಾನೇ ಎದ್ದು, ನಾನು ಕೈಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ನಾನೂರು ಪುಟ ತಂದಿತ್ತು. ಯುಪಿಎಸ್ ಈಗ ಅಮ್ಮನ ಟಿವಿಗೆ ಸೇರಿದೆ. ಧಾರಾವಾಹಿಯ ಕೊನೆಯ ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ಸಾಲುತ್ತದೆ.